ಹಾಜರಿಗೊಂದು ಪ್ರಶ್ನೆ

ನಮ್ಮ ಹುಣಸೂರು ಕಾಲೇಜಿನ ಸಂತಾಪ ಸಭೆಯಲ್ಲಿ ಪ್ರಿನ್ಸಿಪಾಲರು ಎದ್ದು ನಿಂತು, ತೀರಿಕೊಂಡ ಜೀವಶಾಸ್ತ್ರದ ಮೇಡಂ "ಮೃದು ಸ್ವಭಾವದವರು, ಮಿತಭಾಷಿಗಳು, ಎಲ್ಲರೊಡನೆ ಹೊಂದಿಕೊಂಡು ಹೋಗುವವರು" ಎಂದಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ನಾನು ಸ್ವಲ್ಪ ಗಟ್ಟಿಯಾಗಿಯೇ "ಯಾರು?" ಎಂದುಬಿಟ್ಟೆ. ಪಕ್ಕದಲ್ಲಿದ್ದ ಇತಿಹಾಸದ ಮೇಷ್ಟ್ರು ನನ್ನ ಮೊಣಕೈ ಹಿಡಿದು ಅದುಮಿದರು. ನಿವೃತ್ತನಾದವನಿಗೆ ಇಷ್ಟೇ ಲಾಭ, ಸಭೆಯಲ್ಲಿ ಬಾಯಿ ಜಾರಿದರೆ ವಯಸ್ಸಾಯಿತು ಅಂತ ಜನ ಸುಮ್ಮನಾಗುತ್ತಾರೆ.

ಪ್ರಿನ್ಸಿಪಾಲರನ್ನು ದೂರುವ ಹಾಗಿಲ್ಲ. ಅವರು ಈಚೆಗೆ ವರ್ಗವಾಗಿ ಬಂದವರು, ಮೇಡಂ ಮುಖವನ್ನೇ ಕಂಡವರಲ್ಲ. ಇಂಥವರು ಸತ್ತವರಿಗೆಲ್ಲ ಹೊದಿಸಲು ಒಂದೇ ಅಳತೆಯ ಶಾಲು ಇಟ್ಟುಕೊಂಡಿರುತ್ತಾರೆ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂಬ ಗಾದೆಯಿದೆ. ಇಲ್ಲಿ ಅದೂ ಕೆಟ್ಟುಹೋಯಿತು. ಮೇಡಂ ಕೊಟ್ಟದ್ದೆಲ್ಲವನ್ನೂ ಬಿಟ್ಟು, ಅವರ ಹತ್ತಿರ ಜನ್ಮದಲ್ಲಿ ಇರದಿದ್ದ ಮೃದುತ್ವವನ್ನು ಹುಡುಕಿ ಹೊಗಳಿದರು. ಮೇಜಿನ ಮೇಲೆ ಹಾರ ಹಾಕಿಟ್ಟಿದ್ದ ಫೋಟೋದಲ್ಲಿ ಕೂಡ ಅವರು ಯಾರನ್ನೋ ಗದರಿಸಲು ಬಾಯಿ ತೆಗೆದ ಹಾಗೇ ಇದ್ದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ನಾನು ಅವರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅವರು ಅಚ್ಚಿಗೆ ಹೋಗುವ ಮುಂಚೆ ತಮ್ಮ ಹೆಸರನ್ನು ಹೊಡೆದುಹಾಕಿ, "ನನ್ನನ್ನ ಬಿಡಿ ಮೇಷ್ಟ್ರೇ, ವಿಷಯ ಬರೀರಿ. ಆಳನ್ನ ಹೊಗಳೋಕೆ ಶುರು ಮಾಡಿದ್ರೆ ವಿಷಯ ಸತ್ತೋಗುತ್ತೆ" ಎಂದಿದ್ದರು. ಆದ್ದರಿಂದ ವಿಷಯವನ್ನೇ ಬರೆಯುತ್ತೇನೆ. ವಿಷಯ ರಕ್ತದ್ದು.

ತೊಂಬತ್ತರ ದಶಕದ ನಡುವೆ ಅವರು ನಮ್ಮ ಕಾಲೇಜಿಗೆ ಬಂದರು. ಕೆ.ಆರ್. ನಗರದ ಕಡೆ ಹೊಸ ಅಗ್ರಹಾರದ ಹತ್ತಿರದ ಒಕ್ಕಲು ಮನೆತನ. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಅದಕ್ಕೆ ಕಾರಣ ಕೇಳಿದವರಿಗೆ "ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದರು. ಮೊಪೆಡ್ಡಿನಲ್ಲಿ ಬರುತ್ತಿದ್ದರು. ಅದು ಸಂತೆಮಾಳದ ತಿರುವಿನಲ್ಲಿರುವಾಗಲೇ ನಮ್ಮ ಹುಡುಗರು ಬೀಡಿ ಎಸೆದು ನೆಟ್ಟಗೆ ನಿಲ್ಲುತ್ತಿದ್ದರು. ಧ್ವನಿಯಂತೂ ಕಂಚಿನದು. ನಮ್ಮಿಬ್ಬರ ತರಗತಿಗಳ ನಡುವೆ ಇದ್ದದ್ದು ತೆಳುವಾದ ಹಲಗೆಯ ಅಡ್ಡಗೋಡೆ, ನನ್ನ ಹಳಗನ್ನಡ ಪದ್ಯಗಳು ಅವರ ಕಪ್ಪೆಯ ಜೀರ್ಣಾಂಗದಲ್ಲಿ ಕರಗಿಹೋದ ದಿನಗಳೇ ಹೆಚ್ಚು.

ಬಂದ ಹೊಸದರಲ್ಲಿ ಮೊದಲ ಜಗಳ ಸೂಕ್ಷ್ಮದರ್ಶಕದ್ದು. ನಮ್ಮಲ್ಲಿ ಒಂದು ಒಳ್ಳೆಯ ಸೂಕ್ಷ್ಮದರ್ಶಕವಿತ್ತು, ಬೀರುವಿನಲ್ಲಿ. ಹುಡುಗರು ಮುಟ್ಟಿ ಕೆಡಿಸಿಯಾರೆಂದು ಅದಕ್ಕೆ ಬೀಗ. ಆಯುಧಪೂಜೆಯ ದಿನ ಹೊರಗೆ ತೆಗೆದು, ಕುಂಕುಮವಿಟ್ಟು, ಬೂದುಗುಂಬಳಕಾಯಿ ಒಡೆದು, ಮತ್ತೆ ಒಳಗಿಡುತ್ತಿದ್ದರು. ಮೇಡಂ ಬೀಗದ ಕೈ ಕೇಳಿದರು. ಅಂದಿನ ಪ್ರಿನ್ಸಿಪಾಲರು ನಾಳೆ ಎಂದರು, ನಾಡಿದ್ದು ಎಂದರು, ಕೀ ಕಳೆದಿದೆ ಎಂದರು. ಆ ಮಧ್ಯಾಹ್ನ ಮೇಡಂ ಕಲ್ಲು ತಂದು ಬೀಗ ಒಡೆದರು. ಆಮೇಲೆ ಪ್ರಿನ್ಸಿಪಾಲರ ಕೋಣೆಗೆ ತಾವೇ ಹೋಗಿ, ಒಡೆದ ಬೀಗವನ್ನು ಮೇಜಿನ ಮೇಲಿಟ್ಟು, "ಕೀ ಇನ್ನು ಹುಡುಕೋದು ಬೇಡ ಸಾರ್" ಎಂದು ಹೇಳಿ ಬಂದರು. ಮಸೂರದ ಮೇಲೆ ವರ್ಷಗಳ ಕುಂಕುಮ ಮೆತ್ತಿಕೊಂಡಿತ್ತು. ಅದನ್ನು ಒರೆಸುವುದಕ್ಕೇ ಒಂದು ವಾರ ಹಿಡಿಯಿತು.

ಎರಡನೆಯ ಜಗಳ ಹಾಜರಿಯದು, ಅದು ಕೊನೆಯವರೆಗೂ ಮುಗಿಯಲಿಲ್ಲ. ಅವರ ತರಗತಿಯಲ್ಲಿ ಹೆಸರು ಕೂಗಿದಾಗ "ಎಸ್ ಮೇಡಂ" ಎನ್ನುವಂತಿರಲಿಲ್ಲ. ಎದ್ದು ಒಂದು ಪ್ರಶ್ನೆ ಕೇಳಬೇಕು. ಕೇಳಿದರೆ ಮೇಡಂ ಅವನ ಹೆಸರು ಹೇಳಿ, ಗಟ್ಟಿಯಾಗಿ "ಹಾಜರ್!" ಎನ್ನುತ್ತಿದ್ದರು. ಪ್ರಶ್ನೆ ಇಲ್ಲದವನು ಎದುರಿಗೇ ಕೂತಿದ್ದರೂ ಗೈರು. ಹಸಿರು ಹುಲ್ಲು ತಿಂದ ಎಮ್ಮೆ ಬಿಳಿ ಹಾಲು ಯಾಕೆ ಕೊಡುತ್ತದೆ, ಕೋಳಿಗೆ ಹಲ್ಲು ಯಾಕಿಲ್ಲ, ಅಜ್ಜಂದಿರ ಕಿವಿಯಲ್ಲಿ ಕೂದಲು ಯಾಕೆ ಬೆಳೆಯುತ್ತದೆ, ಹೀಗೆ ಅರ್ಧ ಪೀರಿಯಡ್ಡು ಅದಕ್ಕೇ ಹೋಗುತ್ತಿತ್ತು. ಉತ್ತರ ಗೊತ್ತಿದ್ದರೆ ಹೇಳುವರು, ಇಲ್ಲದಿದ್ದರೆ "ಗೊತ್ತಿಲ್ಲ, ನಾಳೆ ಹೇಳ್ತೀನಿ" ಎನ್ನುವರು. ಆ "ಗೊತ್ತಿಲ್ಲ" ಎಂಬ ಮಾತನ್ನು ಒಬ್ಬ ಮೇಷ್ಟ್ರ ಬಾಯಲ್ಲಿ ನಮ್ಮ ಹುಡುಗರು ಅದೇ ಮೊದಲು ಕೇಳಿದ್ದು.

"ಇದೇನು ಹಾಜರಿಯೋ, ಪೊಲೀಸ್ ವಿಚಾರಣೆಯೋ?" ಎಂದು ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಕೇಳಿದರು.

"ಬಾಯಿ ಬಂದಿದೆಯೋ ಇಲ್ಲವೋ ನೋಡ್ತೀನಿ ಸಾರ್. ಬರೀ ಮೈ ಬಂದು ಕೂತರೆ ಅದು ಹಾಜರಿ ಹೇಗಾಗುತ್ತೆ?"

ಈ ಉತ್ತರಕ್ಕೆ ಬಹುಮಾನವಾಗಿ ಅವರಿಗೆ ಎಚ್.ಡಿ. ಕೋಟೆಗೆ ನಿಯೋಜನೆಯಾಯಿತು. ಅಲ್ಲಿಯೂ ಹೋಗಿ ಪ್ರಶ್ನೆಯಲ್ಲೇ ಹಾಜರಿ ತೆಗೆದುಕೊಂಡರು. ಅಲ್ಲಿನ ಪ್ರಿನ್ಸಿಪಾಲರು ನಮ್ಮವರಿಗಿಂತ ಬೇಗ ಸುಸ್ತಾದರು ಅಂತ ಕಾಣುತ್ತದೆ, ಒಂದು ವರ್ಷ ತುಂಬುವ ಮೊದಲೇ ವಾಪಸು ಕಳಿಸಿದರು.

ಇಷ್ಟೆಲ್ಲ ಗಲಾಟೆಯ ಹೆಂಗಸು ಮೆಲ್ಲಗೆ ಮಾತಾಡುತ್ತಿದ್ದದ್ದು ಒಂದೇ ವಿಷಯ ಬಂದಾಗ. ನಮ್ಮ ಊರಿಗೆ ಬರುವ ಮೊದಲು ಅವರು ರಜೆ ಹಾಕಿ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಿದ್ದರು. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಎಳೆಯ ಜೀವಕೋಶ ಹೇಗೆ ಬಲಿತು ರಕ್ತಕಣವಾಗುತ್ತದೆ, ನೀನು ಹೀಗಾಗು ಎಂದು ಅದಕ್ಕೆ ಹೇಳುವವರು ಯಾರು ಎಂಬುದು ಅವರ ವಿಷಯ. ಅದನ್ನು ನಡುವೆ ಬಿಟ್ಟು ಯಾಕೆ ಬಂದಿರಿ ಎಂದರೆ, "ಜಗಳ ಆಡಿ ಬಂದೆ" ಎನ್ನುತ್ತಿದ್ದರು. ಯಾರೊಡನೆ, ಯಾಕೆ ಎಂದು ಹೇಳಲಿಲ್ಲ. ಆ ಕೆಲಸ ಕೈತಪ್ಪಿದ ನೋವು ಅವರಿಗಿತ್ತು. ಮರೆಮಾಚುತ್ತಿದ್ದರು, ಆದರೆ ಇತ್ತು.

ಒಂದು ದಿನ ಅದನ್ನು ಕನ್ನಡದಲ್ಲಿ ಪಾಠ ಮಾಡಲು ಪದ ಬೇಕೆಂದು ನನ್ನ ಹತ್ತಿರ ಬಂದರು. ಜೀವಕೋಶದ ಕೇಂದ್ರದೊಳಗೆ, ವಂಶವಾಹಿಗಳ ಮೇಲೆಯೇ ಕೂತಿರುವ ಒಂದು ಬಗೆಯ ಪ್ರೋಟೀನು. ಹೊರಗಿನಿಂದ ಹಾರ್ಮೋನೋ ವಿಟಮಿನ್ನೋ ಒಳಕ್ಕೆ ಬಂದಾಗ ಅದನ್ನು ಹಿಡಿದುಕೊಳ್ಳುತ್ತದೆ. "ಗ್ರಾಹಕ ಅನ್ನಬಹುದು" ಎಂದೆ ನಾನು, ಪಂಡಿತನ ಗತ್ತಿನಲ್ಲಿ.

"ಅದೇನು ಅಂಗಡಿಗೆ ಬರೋ ಗಿರಾಕಿಯೇ ಮೇಷ್ಟ್ರೇ? ಬೇಡ ಬಿಡಿ, ಗುಮಾಸ್ತ ಅಂತೀನಿ" ಎಂದರು.

ಮಾರನೆಯ ದಿನ ಹಲಗೆಯ ಆಚೆಯಿಂದ ಪಾಠ ಕೇಳಿಸಿತು. ನಾನು ನನ್ನ ಪಾಠ ನಿಲ್ಲಿಸಿ ನನ್ನ ಹುಡುಗರಿಗೂ ಕೇಳಿಸಿಕೊಳ್ಳಲು ಹೇಳಿದೆ. "ತಾಲ್ಲೂಕು ಕಚೇರೀಲಿ ಗುಮಾಸ್ತ ಫೈಲಿನ ಮೇಲೆ ಕೂತಿರ್ತಾನೆ. ಬರೀ ಕೂತಿರಲ್ಲ ಕಣ್ರೋ, ಯಾರೂ ಆ ಫೈಲು ತೆಗೆಯದ ಹಾಗೆ ಒತ್ತಿ ಹಿಡಿದಿರ್ತಾನೆ. ಮೇಲಿನಿಂದ ಆರ್ಡರ್ ಬಂತು ಅನ್ನಿ, ಅದೇ ಗುಮಾಸ್ತ ಎದ್ದು, ಮಗ್ಗುಲು ಬದಲಾಯಿಸಿ, ತಾನೇ ನಾಲ್ಕು ಜನರನ್ನ ಕರೆದು ಫೈಲು ಓದಿಸ್ತಾನೆ. ಫೈಲು ಅಂದ್ರೆ ವಂಶವಾಹಿ. ಆರ್ಡರ್ ಅಂದ್ರೆ ವಿಟಮಿನ್ ಎ ಇಂದ ಬರೋ ಒಂದು ಆಮ್ಲ. ಅದು ಓದಿಸಿದರೆ ಎಳೇ ಕೋಶ ಬಲಿತು ಬಿಳೀ ರಕ್ತಕಣ ಆಗುತ್ತೆ. ವಿಟಮಿನ್ ಡಿ ಬಂದರೆ ಇನ್ನೊಬ್ಬ ಗುಮಾಸ್ತ ಏಳ್ತಾನೆ, ಇನ್ನೊಂದು ಫೈಲು, ಆ ಕೋಶ ಇನ್ನೊಂದು ದಾರಿ ಹಿಡಿಯುತ್ತೆ. ನಿಮ್ಮ ರಕ್ತ ಪೂರಾ ಹೀಗೇ ಆಗಿರೋದು."

ಒಬ್ಬ ಹುಡುಗ ಎದ್ದು, ಇದು ಪರೀಕ್ಷೆಗೆ ಬರುತ್ತಾ ಎಂದು ಕೇಳಿದ. "ಬರಲ್ಲ. ನಿನ್ನ ಮೂಳೆಯೊಳಗೆ ಈಗ ನಡೀತಾ ಇದೆ. ಬೇಡ ಅಂತೀಯಾ, ನಿಲ್ಲಿಸಿಬಿಡಲಾ?" ಎಂದು ಗುಡುಗಿದರು. ಇನ್ನೊಬ್ಬ ಕೇಳಿದ, ಆರ್ಡರ್ ಬಂದರೂ ಗುಮಾಸ್ತ ಏಳದಿದ್ದರೆ? ಮೇಡಂ ಹೇಳಿದರು. "ಒಳ್ಳೇ ಪ್ರಶ್ನೆ. ಹಾಗಾಗೋದುಂಟು. ಎರಡು ವರ್ಣತಂತು ಮುರಿದು ತುಂಡುಗಳು ಅದಲುಬದಲಾದರೆ, ಆ ಗುಮಾಸ್ತ ಇನ್ನೊಂದು ಪ್ರೋಟೀನಿಗೆ ಅಂಟಿಕೊಂಡು ಮೊಂಡನಾಗಿಬಿಡ್ತಾನೆ. ಆಗ ಎಳೇ ಕೋಶಗಳು ಬಲಿಯೋದೇ ಇಲ್ಲ, ಬರೀ ಹೆಚ್ಚುತ್ತಾ ಹೋಗ್ತವೆ. ಅದೊಂದು ಜಾತಿ ರಕ್ತದ ಕ್ಯಾನ್ಸರ್. ಅಂಥವನ ಮುಂದೆ ಒಬ್ಬ ಹೋಗಿ ಮೆತ್ತಗೆ ಬೇಡಿಕೊಂಡರೆ ಏಳಲ್ಲ. ಊರಿಗೆ ಊರೇ ನುಗ್ಗಬೇಕು. ಅದೇ ಆಮ್ಲವನ್ನ ಹೆಚ್ಚಿಗೆ ಕೊಡಬೇಕು. ಆಗ ಏಳ್ತಾನೆ."

ಆ ತರಗತಿಯಲ್ಲಿ ಕಟ್ಟೆಮಳಲವಾಡಿಯ ಸವಿತಾ ಎಂಬ ಹುಡುಗಿ ಇದ್ದಳು. ಹೊಗೆಸೊಪ್ಪು ಬೆಳೆಯುವ ಮನೆ. ಬಾಯಿಲ್ಲದ ಹುಡುಗಿ. ಹಾಜರಿಗೆ ದಿನಾ ಒಂದೇ ಪ್ರಶ್ನೆ, "ಮೇಡಂ, ನಾವು ಕಣ್ಣು ಯಾಕೆ ಮಿಟುಕಿಸ್ತೀವಿ?" ಮೇಡಂ ಉತ್ತರ ಹೇಳಿ ಹೇಳಿ ಸೋತು, ನಾಳೆಯಿಂದ ನಿನ್ನದೇ ಪ್ರಶ್ನೆ ತಾರದಿದ್ದರೆ ವರ್ಷವಿಡೀ ಗೈರು ಹಾಕುತ್ತೇನೆ ಎಂದು ಹೆದರಿಸಿದ್ದರು. ಅದಾಗುತ್ತಲೇ ಸೊಪ್ಪು ಮುರಿಯುವ ಕಾಲ ಬಂತು. ಶ್ರಾವಣದ ಹೊತ್ತಿಗೆ ನಮ್ಮ ಕಾಲೇಜು ಅರ್ಧ ಖಾಲಿ, ಮಕ್ಕಳೆಲ್ಲ ಹೊಲದಲ್ಲಿ, ಇಲ್ಲವೇ ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದಮಾಡುವ ಬ್ಯಾರನ್ ಮನೆಯ ಹತ್ತಿರ. ಹಸಿ ಸೊಪ್ಪು ಮುರಿದ ಮಕ್ಕಳಿಗೆ ತಲೆ ಸುತ್ತುವುದು, ವಾಂತಿಯಾಗುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಸವಿತಾ ಹೊಲದಲ್ಲಿ ತಲೆ ಸುತ್ತಿ ಬಿದ್ದಾಗಲೂ ಮನೆಯವರು ಸೊಪ್ಪಿನ ನಂಜು ಎಂದು ನಿಂಬೆಹಣ್ಣಿನ ಪಾನಕ ಕುಡಿಸಿದರು. ಮತ್ತೆ ಬಿದ್ದಾಗ ಮಜ್ಜಿಗೆ ಕುಡಿಸಿದರು. ಮೈ ಮೇಲೆ ಕಲೆಗಳಾದರೆ ಸೊಪ್ಪು ಕಟ್ಟಿದ ಕಡ್ಡಿ ಹೊರುವಾಗ ತಗುಲಿರಬೇಕು ಎಂದರು. ಅವರ ತಪ್ಪೂ ಅಲ್ಲ, ಸೊಪ್ಪಿನ ಊರಿನಲ್ಲಿ ಸೊಪ್ಪಿನ ಮೇಲೇ ಮೊದಲು ಅನುಮಾನ ಬರುವುದು.

ಕೆಲವು ದಿನ ಬಿಟ್ಟು ಅವಳು ಕಾಲೇಜಿಗೆ ಬಂದಳು. ಹೆಸರು ಕೂಗಿದಾಗ ಎದ್ದು ನಿಂತು ಕೇಳಿದಳು: "ಮೇಡಂ, ಪೆಟ್ಟೇ ಬೀಳದೆ ಮೈ ಕಪ್ಪುಗಟ್ಟೋದು ಯಾಕೆ?"

ಹಲಗೆಯ ಆಚೆ "ಹಾಜರ್" ಎಂಬ ಕೂಗು ಕೇಳಿಸಲಿಲ್ಲ. ಆ ಗದ್ದಲದ ತರಗತಿ ಸ್ತಬ್ಧವಾದದ್ದಕ್ಕೆ ನನಗೆ ಭಯವಾಗಿ, ಎದ್ದು ಹೋಗಿ ನೋಡಿದೆ. ಮೇಡಂ ಹುಡುಗಿಯ ತೋಳು ಹಿಡಿದುಕೊಂಡು ನಿಂತಿದ್ದರು. ತೋಳಿನ ಮೇಲೆ ಕಪ್ಪು ಕಲೆಗಳು. "ಬಾಯಿ ತೆಗಿ" ಎಂದರು. ವಸಡಿನಲ್ಲಿ ರಕ್ತ ಜಿನುಗುತ್ತಿತ್ತು.

"ಮೇಷ್ಟ್ರೇ, ಇವಳಪ್ಪನನ್ನ ಕರೆಸಿ. ನೀವೂ ಬನ್ನಿ. ನನ್ನ ಮಾತು ಜೋರು, ಊರವರು ನಿಮ್ಮ ಮಾತಾದರೆ ಕೇಳ್ತಾರೆ" ಎಂದರು.

ಊರಿನ ಆಸ್ಪತ್ರೆಯಲ್ಲಿ ರಕ್ತ ನೋಡಿದವರು ತಡಮಾಡಬೇಡಿ ಎಂದು ಮೈಸೂರಿಗೆ ಕಳಿಸಿದರು. ಮೈಸೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರು ಗಾಜಿನ ಮೇಲೆ ಸವರಿದ ರಕ್ತವನ್ನು ನೋಡಿ ಬಂದು, ಇದು ಬ್ಲಡ್ ಕ್ಯಾನ್ಸರ್ ಎಂದರು. ಸವಿತಾಳ ಅಪ್ಪ ಅಷ್ಟು ಕೇಳಿದ್ದೇ ಎದ್ದು ಹೊರಗೆ ಹೋದ. ಮೇಡಂ ಹೋಗಲಿಲ್ಲ.

"ಯಾವ ಜಾತಿಯದು ಡಾಕ್ಟ್ರೇ? ಆ ಕೋಶಗಳೊಳಗೆ ಕಡ್ಡಿ ಕಾಣ್ತಿದ್ದಾವಾ? ಸೌದೆ ಹೊರೆ ಕಟ್ಟಿದ ಹಾಗೆ, ಕಂತೆ ಕಂತೆ?"

ಡಾಕ್ಟರು ತಲೆಯೆತ್ತಿ, "ನೀವು ಡಾಕ್ಟರಾ?" ಎಂದರು.

"ಅಲ್ಲ. ನೀವು ಡಾಕ್ಟ್ರು. ಅದಕ್ಕೇ ನಿಮ್ಮನ್ನ ಕೇಳ್ತಿದ್ದೀನಿ."

ಆ ಡಾಕ್ಟರು ಒಳ್ಳೆಯ ಮನುಷ್ಯ, ನಕ್ಕುಬಿಟ್ಟರು. ಕಂತೆಗಳು ಕಾಣುತ್ತಿವೆ, ನನಗೂ ಅದೇ ಅನುಮಾನ, ಮಜ್ಜೆ ತೆಗೆದು ನೋಡಿದರೆ ಖಚಿತವಾಗುತ್ತದೆ ಎಂದರು. ಆ ಜಾತಿಯಾದರೆ ಬೆಂಗಳೂರಿನಲ್ಲಿ ಈಗ ಮಾತ್ರೆ ಸಿಗುತ್ತದೆ, ಜೊತೆಗೆ ಇಂಜೆಕ್ಷನ್ನುಗಳೂ ಬೇಕು. ಆದರೆ ಮೊದಲ ದಿನಗಳಲ್ಲೇ ರಕ್ತಸ್ರಾವವಾಗಿ ಹೋಗಿಬಿಡುವವರೂ ಇದ್ದಾರೆ, ನಾನು ಭರವಸೆ ಕೊಡಲಾರೆ ಎಂದರು.

"ಭರವಸೆ ಯಾರು ಕೇಳಿದ್ರು? ದಾರಿ ಕೇಳಿದೆ. ಹೇಳಿದ್ರಲ್ಲ, ಸಾಕು."

ಹೊರಗೆ ಬಂದರೆ ಅಪ್ಪ ಒಂದು ಜೀಪು ಗೊತ್ತು ಮಾಡಿ, ಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ್ದ. ಅವಳ ಬಾಯಲ್ಲಿ ಹತ್ತಿ ಇತ್ತು. ಮೇಡಂ ಹೋಗಿ ಜೀಪಿನ ಮುಂದೆ, ಎರಡು ದೀಪಗಳ ನಡುವೆ ನಿಂತರು.

"ದಾರಿ ಬುಡಿ ಮೇಡಮ್ಮೋರೇ" ಎಂದ ಅಪ್ಪ. "ಬ್ಲಡ್ ಕ್ಯಾನ್ಸರ್ ಬಂದೋರು ಯಾರ್ ಉಳ್ಕಂಡವ್ರೆ? ಸಿನಿಮಾದಲ್ಲೂ ಉಳಿಯಾಕಿಲ್ಲ. ಆ ಸೂಜಿ ಈ ಸೂಜಿ ಅಂತ ಮಗೀನ ಚುಚ್ಚಿಸಿ ಗೋಳಾಡ್ಸದು ಬ್ಯಾಡ. ಮನೇಲೇ ಕಣ್ಮುಚ್ಕಳ್ಲಿ."

"ಸಿನಿಮಾ ನೋಡಿ ಮಗಳನ್ನ ಸಾಯಿಸ್ತೀರೇನ್ರೀ?"

"ನಿಮ್ಗೇನ್ ಗೊತ್ತು ಎತ್ತೋರ ಒಟ್ಟೆ ಉರಿ!"

ನಾನು ಬೆಚ್ಚಿದೆ. ಮಕ್ಕಳಿಲ್ಲದ ಹೆಂಗಸಿಗೆ ಅದನ್ನು ಮುಖದ ಮೇಲೆ ಹೇಳಬಾರದಿತ್ತು. ಮೇಡಂ ಅಲುಗಾಡಲಿಲ್ಲ.

"ಗೊತ್ತಿಲ್ಲ ಕಣ್ರೀ. ನಾನು ಹೆತ್ತಿಲ್ಲ. ಆದರೆ ನಿಮ್ಮ ಮಗಳ ಮೈಯೊಳಗಿರೋ ಆ ಕೋಶ ಇದೆಯಲ್ಲ, ಅದು ನನಗೆ ಗೊತ್ತು. ಅದರ ಹಿಂದೆ ವರ್ಷಗಟ್ಟಲೆ ಬಿದ್ದಿದ್ದೀನಿ. ಅದು ಸಾಯಬೇಕಾದ್ದಲ್ಲ, ದೊಡ್ಡದಾಗಬೇಕಾದ್ದು. ದೊಡ್ಡದು ಮಾಡೋ ಮಾತ್ರೆ ಇದೆ. ಇದ್ದೂ ಕೊಡಿಸದೆ ನೀವು ಈ ಜೀಪು ಬಿಟ್ಟರೆ ನನ್ನ ಮೇಲೆ ಹತ್ತಿಸಿಕೊಂಡೇ ಹೋಗಬೇಕು."

ಜನ ಸೇರಿದರು. ಡ್ರೈವರ್ ಇಂಜಿನ್ ನಿಲ್ಲಿಸಿದ. ಆಗ ಹಿಂದಿನ ಸೀಟಿನಿಂದ ಸವಿತಾ ಬಾಯಿಯ ಹತ್ತಿ ತೆಗೆದು, ಮೆಲ್ಲಗೆ ಕೇಳಿದಳು: "ಅಪ್ಪಾ, ಮೇಡಂ ಹೇಳೋ ಮಾತ್ರೆ ನುಂಗಿ ನೋಡಿದ್ರೆ ನಮಗೇನು ನಷ್ಟ?"

ಅಪ್ಪ ಜೀಪಿನ ಮೆಟ್ಟಿಲ ಮೇಲೆ ಕುಸಿದು ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಮೈಸೂರಿನಲ್ಲೇ ಅವಳಿಗೆ ರಕ್ತ ಹಾಕಿಸಿ, ಅದೇ ಜೀಪಿನಲ್ಲಿ ಬೆಂಗಳೂರಿಗೆ ಹೊರಟೆವು. ದಾರಿಯುದ್ದಕ್ಕೂ ಮೇಡಂ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಿದ್ದೆ ಮಾಡಲು ಬಿಡದೆ, ಪ್ರಶ್ನೆ ಕೇಳು, ಇನ್ನೊಂದು ಕೇಳು ಎಂದು ಪೀಡಿಸುತ್ತಿದ್ದರು.

ಮುಂದಿನ ವಾರಗಳಲ್ಲಿ ನಮ್ಮ ಹುಡುಗರು ತಂಡ ತಂಡವಾಗಿ ಬಸ್ಸಿನಲ್ಲಿ ಹೋಗಿ ರಕ್ತ ಕೊಟ್ಟರು. ನಾನೂ ಕೊಟ್ಟೆ, ಕೊಟ್ಟು ತಲೆ ಸುತ್ತಿ ಬಿದ್ದೆ, ಅದು ಕಾಲೇಜಿನಲ್ಲಿ ವರ್ಷಗಟ್ಟಲೆ ತಮಾಷೆಯಾಯಿತು. ಮೇಡಂ ಶನಿವಾರ ಬಂದರೆ ಬೆಂಗಳೂರಿನ ಬಸ್ಸು ಹತ್ತುತ್ತಿದ್ದರು. ಒಂದು ಸೋಮವಾರ ಸ್ಟಾಫ್ ರೂಮಿಗೆ ಬಂದವರು ಚೀಲವನ್ನು ಕೆಳಗಿಡದೆ ನನ್ನ ಮುಂದೆ ಬಂದು ನಿಂತರು. ಅಲ್ಲಿನ ಡಾಕ್ಟರು ಅವರಿಗೆ ಸೂಕ್ಷ್ಮದರ್ಶಕದಲ್ಲಿ ಸವಿತಾಳ ರಕ್ತ ನೋಡಲು ಬಿಟ್ಟಿದ್ದರಂತೆ.

"ದೊಡ್ಡವಾಗಿವೆ ಮೇಷ್ಟ್ರೇ!" ಎಂದರು. "ಆ ಎಳೇ ಕೋಶಗಳು. ಎಷ್ಟೋ ಕೋಶಗಳು ಸಾಯದೇನೇ ಬಲಿತು, ಕೇಂದ್ರ ಮಡಿಕೆ ಮಡಿಕೆಯಾಗಿ, ಸರಿಯಾದ ಬಿಳೀ ಕಣಗಳೇ ಆಗಿದಾವೆ. ನನ್ನ ಕಣ್ಣಾರೆ ನೋಡಿದೆ."

ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿತು. ನಾನು ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದು ಸಲ. ಜಗಳ ಆಡಿ ಬಿಟ್ಟು ಬಂದ ಕೆಲಸ ಅವರನ್ನು ಹುಡುಕಿಕೊಂಡು ಹುಣಸೂರಿಗೇ ಬಂದಿತ್ತು. ಸವಿತಾಳ ಅಪ್ಪ ಆಮೇಲೆ ಹುಣಸೂರಿಗೆ ಬಂದಾಗಲೆಲ್ಲ ಮೇಡಂ ಮನೆಗೆ ಏನಾದರೂ ತಂದುಕೊಡುತ್ತಿದ್ದ, ಆದರೆ ಜೀಪಿನ ಮುಂದೆ ಆಡಿದ ಮಾತನ್ನು ಅವನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಇದು ಒಳ್ಳೆಯ ಕಥೆ. ಆದರೆ ಮೇಡಂ ಪಾಠ ಮಾಡುವ ಚಟದವರು. ಸವಿತಾ ಊರಿಗೆ ವಾಪಸು ಬಂದಾಗ, ತಲೆಗೂದಲು ಉದುರಿದ ಮೊಮ್ಮಗಳನ್ನು ನೋಡಿ ಅಳುತ್ತಿದ್ದ ಅವಳ ಅಜ್ಜಿಗೆ ಧೈರ್ಯ ಹೇಳಲು ಹೋಗಿ, "ಮಾತ್ರೆ ಅಂದ್ರೆ ಹೆದರಬೇಡಿ ಅಜ್ಜಿ. ನುಗ್ಗೆಸೊಪ್ಪಲ್ಲಿ, ಪರಂಗಿ ಹಣ್ಣಲ್ಲಿ ಇರೋ ವಿಟಮಿನ್ನಿನ ಅಕ್ಕತಂಗಿಯೇ ಅದು" ಎಂದಿದ್ದರು. ರೋಗ ಹೋಯಿತೆಂದರೂ ಬಹಳ ಕಾಲ ನಡುನಡುವೆ ಮಾತ್ರೆ ನುಂಗುತ್ತಲೇ ಇರಬೇಕಿತ್ತು. ಬಿಟ್ಟರೆ ರೋಗ ಮರಳಿ ಬರುವ ಭಯ.

ಮರುವರ್ಷ ಸವಿತಾ ಮತ್ತೆ ತರಗತಿಗೆ ಸೇರಿದಳು. ಕೂದಲು ಚಿಗುರಿತ್ತು. ಒಂದು ಬೆಳಿಗ್ಗೆ ಹಾಜರಿಗೆ ಎದ್ದು ಕೇಳಿದಳು: "ಮೇಡಂ, ನುಗ್ಗೆಸೊಪ್ಪು ತಿಂದ್ರೂ ಗುಮಾಸ್ತ ಏಳ್ತಾನಾ?"

ಈ ಸಲವೂ ಹಲಗೆಯ ಆಚೆ "ಹಾಜರ್" ಕೇಳಿಸಲಿಲ್ಲ. ನಾನು ಹೊರಗೆ ಬರುವಷ್ಟರಲ್ಲಿ ಮೊಪೆಡ್ ಸ್ಟಾರ್ಟ್ ಆಗಿತ್ತು. "ಹತ್ತಿ" ಎಂದರು. ಹೆಂಗಸಿನ ಹಿಂದೆ ಮೊಪೆಡ್ಡಿನಲ್ಲಿ ಕೂತು ಪೇಟೆ ಬೀದಿಯಲ್ಲಿ ಹೋಗುವ ಮರ್ಯಾದೆಯ ಪ್ರಶ್ನೆಯನ್ನು ಯೋಚಿಸಲು ನನಗೆ ಸಮಯವೇ ಸಿಗಲಿಲ್ಲ.

ಕಟ್ಟೆಮಳಲವಾಡಿಯ ಆ ಮನೆಯ ಜಗುಲಿಯ ಮೇಲೆ ಅಜ್ಜಿ ಹಸಿ ಸೊಪ್ಪನ್ನು ಕಡ್ಡಿಗೆ ಪೋಣಿಸಿ ಕಟ್ಟುತ್ತಿದ್ದರು. ಬ್ಯಾರನ್ನಿನ ಬಿಸಿಗೆ ತೂಗುಹಾಕಲು ಸಾಲಾಗಿ ಕಡ್ಡಿಗಳು ತಯಾರಾಗಿದ್ದವು.

"ಮಾತ್ರೆ ನಿಲ್ಲಿಸಿದ್ದು ಯಾರು?" ಎಂದು ಮೇಡಂ ಅಂಗಳದಿಂದಲೇ ಕೂಗಿದರು.

"ನಾನೇ ಕಣವ್ವಾ. ಯಾಕ್ ಸುಳ್ಳೇಳ್ಲಿ?" ಅಜ್ಜಿ ಕೈ ನಿಲ್ಲಿಸಲಿಲ್ಲ. "ಅದ ನುಂಗುದ್ರೆ ಮಗೀಗೆ ತಲೆ ಸಿಡಿತದೆ, ತುಟಿ ಒಡ್ದು ಉರಿತದೆ. ನೀವೇ ಏಳಿದ್ರಲ್ಲ, ಅದ್ರಲ್ಲಿರಾದೇ ನುಗ್ಗೆಸೊಪ್ಪಲ್ಲೂ ಐತೆ ಅಂತ. ನಮ್ ಇತ್ಲಲ್ಲೇ ಮರ ಐತೆ. ದಿನಾ ಬಸ್ಸಾರು ಮಾಡಿ ಉಣ್ಸ್ತಾ ಇವ್ನಿ. ಮಗ ಚೆಂದಾಗವ್ಳೆ."

ಬೈಯಲು ಬಂದವರಿಗೆ ಅಜ್ಜಿ ಅವರದೇ ಪಾಠವನ್ನು ಒಪ್ಪಿಸಿಬಿಟ್ಟಿದ್ದರು. ಆಮೇಲೆ ಮೇಡಂ ಜಗುಲಿ ಹತ್ತಿ, ಅಜ್ಜಿಯ ಪಕ್ಕ ಸೊಪ್ಪಿನ ರಾಶಿಯ ನಡುವೆ ಕೂತರು.

"ಅಜ್ಜಿ, ಬ್ಯಾರನ್ ಒಲೆಗೆ ಏನು ಹಾಕ್ತೀರಿ?"

"ಸೌದೆ. ಇನ್ನೇನ್ ಆಕ್ತಾರೆ?"

"ಈ ಸಲ ದಿಮ್ಮಿ ಬೇಡ, ಪುಳ್ಳೆ ಹಾಕಿ. ಪುಳ್ಳೇನೂ ಸೌದೇನೇ ಅಲ್ವಾ?"

ಅಜ್ಜಿ ಬಾಯಿ ತುಂಬ ನಕ್ಕರು. "ಪುಳ್ಳೇಲಿ ಬ್ಯಾರನ್ ಕಾಯ್ತದಾ ತಾಯಿ? ಕಾವು ಸಾಲ್ದೆ ಸೊಪ್ಪು ಅಣ್ಣಾಗದೇ ಇಲ್ಲ. ಅಸುರ್ಗೇ ಉಳ್ಕಂಡು ಕೊಳ್ತೋಯ್ತದೆ."

"ನಿಮ್ಮ ಮೊಮ್ಮಗಳ ರಕ್ತಾನೂ ಹಾಗೇ ಹಣ್ಣಾಗದೆ ಹಸಿರಾಗೇ ಉಳಿದಿತ್ತು ಅಜ್ಜಿ. ಆ ಮಾತ್ರೆ ದಿಮ್ಮಿ. ನುಗ್ಗೆಸೊಪ್ಪು ಪುಳ್ಳೆ. ಕಾಫಿ ಕಾಯಿಸೋಕೆ ಪುಳ್ಳೆ ಸಾಕು, ಬ್ಯಾರನ್ನಿಗೆ ಸಾಲಲ್ಲ. ತಲೆನೋವಿಗೆ ಡಾಕ್ಟ್ರು ಬೇರೆ ಔಷಧಿ ಕೊಡ್ತಾರೆ. ಇದನ್ನ ಮಾತ್ರ ಬಿಡೋ ಹಾಗಿಲ್ಲ."

ಅಜ್ಜಿಯ ಕೈ ನಿಂತಿತು. "ಅಯ್ಯೋ ನನ್ ಕೂಸೇ! ಅಂಗಂತ ಮೊದ್ಲೇ ಏಳ್ಬಾರ್ದಾಗಿತ್ತಾ ನೀವು?"

"ಹೇಳಬೇಕಿತ್ತು" ಎಂದರು ಮೇಡಂ. "ಅರ್ಧ ಪಾಠ ಮಾಡಿ ಎದ್ದುಹೋದೆ. ತಪ್ಪು ನಿಮ್ಮದಲ್ಲ, ನಂದು."

ಬೆಂಗಳೂರಿಗೆ ಹೋಗಿ ಮತ್ತೆ ರಕ್ತ ಪರೀಕ್ಷೆ ಮಾಡಿಸುವವರೆಗೆ ನಮ್ಮಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ. ಪುಣ್ಯಕ್ಕೆ ರೋಗ ಮರಳಿರಲಿಲ್ಲ. ಮಾತ್ರೆ ಮತ್ತೆ ಶುರುವಾಯಿತು, ಅಜ್ಜಿಯೇ ಕಾವಲು ನಿಂತು ನುಂಗಿಸತೊಡಗಿದರು, ಬಸ್ಸಾರೂ ನಿಲ್ಲಲಿಲ್ಲ. ಆ ವರ್ಷದಿಂದ ಮೇಡಂ ಗುಮಾಸ್ತನ ಪಾಠ ಮಾಡಿದಾಗಲೆಲ್ಲ ಕೊನೆಯಲ್ಲಿ ಈ ಸಂಗತಿಯನ್ನು, ತಾವು ಮಾಡಿದ ತಪ್ಪನ್ನು, ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ತಪ್ಪು ಒಪ್ಪಿಕೊಳ್ಳುವಾಗಲೂ ಅವರ ಧ್ವನಿ ಅಷ್ಟೇ ಜೋರು.

ಈಗ ಹೇಳಿ, ಇವರು ಮೃದು ಸ್ವಭಾವದವರೇ? ಬೀಗ ಒಡೆದವರು, ಜೀಪಿಗೆ ಅಡ್ಡ ನಿಂತವರು? ಹೊಂದಿಕೊಂಡು ಹೋಗುವವರನ್ನು ನಾನು ಸರ್ವಿಸ್ಸಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ನಾನೇ ಅಂಥವನು. ನಮ್ಮಂಥವರಿಂದ ಯಾವ ಬೀಗವೂ ತೆರೆಯಲಿಲ್ಲ.

ಸಂತಾಪ ಸಭೆಯಲ್ಲಿ ಪ್ರಿನ್ಸಿಪಾಲರು ಭಾಷಣ ಮುಗಿಸಿ, "ಈಗ ಎಲ್ಲರೂ ಎದ್ದು ನಿಂತು ಮೌನ ಆಚರಿಸೋಣ" ಎಂದರು. ಕುರ್ಚಿಗಳು ಸರಿದ ಸದ್ದಾಯಿತು. ಅಷ್ಟರಲ್ಲಿ ಹಿಂದಿನಿಂದ ಒಂದು ಹೆಣ್ಣು ಧ್ವನಿ ಕೇಳಿಸಿತು.

"ಸಾರ್, ಮೌನಕ್ಕೆ ಮುಂಚೆ ನಂದೊಂದು ಪ್ರಶ್ನೆ ಇದೆ."

ಎಲ್ಲರೂ ತಿರುಗಿ ನೋಡಿದರು. ಬಾಗಿಲ ಹತ್ತಿರ, ಬಸ್ಸು ಇಳಿದು ನೆಟ್ಟಗೆ ಇಲ್ಲಿಗೇ ಬಂದ ಹಾಗೆ, ಭುಜಕ್ಕೆ ಚೀಲ ಹಾಕಿಕೊಂಡು ಒಬ್ಬಳು ನಿಂತಿದ್ದಳು. ದಟ್ಟವಾದ ಜಡೆ. ಗುರುತು ಹಿಡಿಯಲು ನನಗೆ ಒಂದು ಕ್ಷಣ ಬೇಕಾಯಿತು.

ಪ್ರಿನ್ಸಿಪಾಲರು ಗಲಿಬಿಲಿಗೊಂಡು, "ಈಗ ಪ್ರಶ್ನೆ ಕೇಳೋ ಸಮಯ ಅಲ್ಲಮ್ಮ" ಎಂದರು.

"ಒಂದೇ ಸಾರ್. ಕೇಳದಿದ್ರೆ ಮೇಡಂ ನಂಗೆ ಗೈರು ಹಾಕ್ತಾರೆ." ಹಿಂದಿನ ಸಾಲುಗಳಲ್ಲಿದ್ದ ಹಳೆಯ ಹುಡುಗರು ನಕ್ಕರು. ಅವಳು ನಗಲಿಲ್ಲ. ಬಾಯಿಲ್ಲದ ಆ ಹುಡುಗಿ ಫೋಟೋದ ಕಡೆ ನೋಡುತ್ತ, ಇಡೀ ಸಭಾಂಗಣಕ್ಕೆ ಕೇಳಿಸುವ ಹಾಗೆ ಕೇಳಿದಳು: "ಮೇಡಂದು ಮೆತ್ತನೆ ಸ್ವಭಾವ ಅಂದ್ರಲ್ಲ ಸಾರ್. ಅವರು ಮೆತ್ತಗಿದ್ದಿದ್ರೆ ನಾನೀಗ ಇಲ್ಲಿ ನಿಂತಿರ್ತಿದ್ನಾ?"

ಪ್ರಿನ್ಸಿಪಾಲರು ಕೈಯಲ್ಲಿದ್ದ ಚೀಟಿ ನೋಡಿದರು. ಅದರ ಹಿಂಬದಿಯನ್ನೂ ತಿರುಗಿಸಿ ನೋಡಿದರು. ಇತಿಹಾಸದ ಮೇಷ್ಟ್ರು ಮತ್ತೆ ನನ್ನ ಮೊಣಕೈಗೆ ಕೈಹಾಕಿದರು, ನಾನು ಕೊಡವಿಕೊಂಡೆ. ಉಸಿರು ಎಳೆದುಕೊಂಡು, ಹಲಗೆಯ ಆಚೆಯಿಂದ ಅಷ್ಟು ವರ್ಷ ಕೇಳಿದ್ದ ಹಾಗೆಯೇ, ಆದಷ್ಟು ಗಟ್ಟಿಯಾಗಿ ಕೂಗಿದೆ:

"ಸವಿತಾ! ಹಾಜರ್!"